ಹವಳದ ತೊಟ್ಟಿಯ ಮರಳು ಹಾಸು: ಕೆದಕುವ ಮುನ್ನ ದೋಷ ಗುರುತಿಸುವುದು

ಮೀನಿನೊಂದಿಗೆ ಜೀವಂತ ಹವಳ ಸಾಕುವ ಕಡಲ ನೀರಿನ ತೊಟ್ಟಿಯಲ್ಲಿ ಏನೇ ಹದ ತಪ್ಪಿದರೂ ಅದರ ಗುರುತು ಬಹುತೇಕ ಮೊದಲು ಬೀಳುವುದು ಮರಳಿನ ಮೇಲೆ. ಬೆಳ್ಳಗಿದ್ದ ಹಾಸಿಗೆ ಕಂದು ಪುಡಿ ಮೆತ್ತಿಕೊಳ್ಳುತ್ತದೆ, ಇಲ್ಲವೇ ಕೆಂಪು ಲೋಳೆ ಹೊದಿಕೆಯಂತೆ ಹರಡುತ್ತದೆ, ಇಲ್ಲವೇ ಗಾಜಿನ ಅಂಚಿನಲ್ಲಿ ಕಪ್ಪು ಮಚ್ಚೆ ಕಾಣಿಸಿಕೊಳ್ಳುತ್ತದೆ. ಕಂಡ ಕೂಡಲೇ ತೋಳು ಮಡಚಿ ಕೈ ಇಳಿಸಿ ಕೆದಕುವುದು ನಮ್ಮೆಲ್ಲರ ಚಾಳಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ತಪ್ಪು ಎಷ್ಟೋ ಸಲ ಮರಳಿನದ್ದಾಗಿರುವುದಿಲ್ಲ. ಮೇಲಿನಿಂದ ಸುರಿಯುವ ನೀರಿನದ್ದೋ, ಪಂಪಿನ ದಿಕ್ಕಿನದ್ದೋ, ಹೆಚ್ಚಾದ ಅಥವಾ ತೀರಾ ಕಡಿಮೆಯಾದ ಪೋಷಕಾಂಶದ್ದೋ ಆಗಿರುತ್ತದೆ.

ಒಮ್ಮೆ ನನ್ನ ತೊಟ್ಟಿಯಲ್ಲಿ ಕಂದು ಬಣ್ಣ ಕಂಡಾಗ ನಾನು ಮೀನುಗಳ ಊಟ ಕಡಿಮೆ ಮಾಡಿದೆ, ವಾರಕ್ಕೆರಡು ಸಲ ನೀರು ಬದಲಿಸಿದೆ, ಫಾಸ್ಫೇಟ್ ಹೀರುವ ಮಾಧ್ಯಮ ಹಾಕಿದೆ. ಪುಸ್ತಕದ ಪ್ರಕಾರ ಎಲ್ಲವೂ ಸರಿ. ಮೂರು ವಾರದಲ್ಲಿ ಬಸವನಹುಳುಗಳೆಲ್ಲ ಮಗುಚಿ ಬಿದ್ದು ಸತ್ತವು, ಕಂದು ಬಣ್ಣ ದುಪ್ಪಟ್ಟಾಯಿತು. ನಾನು ಕೊಟ್ಟ ಮದ್ದು ಬೇರೆ ರೋಗದ್ದು. ಆದ್ದರಿಂದ ಈ ಬರಹದಲ್ಲಿ ಮದ್ದಿಗಿಂತ ಗುರುತಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೈ ಒದ್ದೆ ಮಾಡುವ ಮೊದಲು

ಒಂದು ಕಾಗದದಲ್ಲಿ ಮೂರು ಸಂಗತಿ ಬರೆದುಕೊಳ್ಳಿ. ದೋಷ ಎಲ್ಲಿದೆ: ಮರಳಿನ ಮೇಲ್ಮೈಯಲ್ಲೋ, ಒಳಗೋ, ತಳದಲ್ಲೋ? ಯಾವ ಹೊತ್ತಿನಲ್ಲಿ ಎದ್ದು ಕಾಣುತ್ತದೆ: ದೀಪ ಹೊತ್ತಿಸಿದಾಗಲೋ, ಸಂಜೆಗೋ, ದಿನವಿಡೀ ಒಂದೇ ತೆರನಾಗಿದೆಯೋ? ಕಳೆದ ಒಂದು ತಿಂಗಳಲ್ಲಿ ಏನು ಬದಲಾಗಿದೆ: ಹೊಸ ಪಂಪ್, ಹೊಸ ಉಪ್ಪು, ಹೊಸ ಮೀನು, ಬಂದು ಹೋದ ರಜೆ?

ಮೂರನೆಯ ಪ್ರಶ್ನೆಗೆ 'ಏನೂ ಬದಲಾಗಿಲ್ಲ' ಎಂದು ಉತ್ತರ ಬಂದರೆ ಇನ್ನೊಮ್ಮೆ ಯೋಚಿಸಿ. ತೊಟ್ಟಿಗೆ ತುಂಬಿಸುವ ನೀರನ್ನು ಸೋಸುವ ರಾಳ ಖಾಲಿಯಾಗುವುದು, ಪಂಪಿನ ಬಾಯಿಗೆ ಸುಣ್ಣ ಕಟ್ಟುವುದು, ಹವಳ ಬೆಳೆದು ಹರಿವಿಗೆ ಅಡ್ಡ ನಿಲ್ಲುವುದು ಇವೆಲ್ಲ ನಮಗೆ ಹೇಳದೆ ನಡೆಯುವ ಬದಲಾವಣೆಗಳು.

ಆಮೇಲೆ ಅಳತೆಗಳು. ನೈಟ್ರೇಟ್, ಫಾಸ್ಫೇಟ್, ಕ್ಷಾರೀಯತೆ (ಹವಳ ಮೈಕಟ್ಟಲು ಬಳಸುವ ಕಾರ್ಬೊನೇಟುಗಳ ಅಳತೆ), ಪಿಎಚ್ ಈ ನಾಲ್ಕು ಕಡ್ಡಾಯ. ಗಾಜಿನ ಹೊರಗಿನಿಂದ ಅಳತೆಪಟ್ಟಿ ಹಿಡಿದು ಮರಳಿನ ಆಳವನ್ನು ನಾಲ್ಕು ಕಡೆ ನೋಡಿ. ಹಾಕಿದ ದಿನ ನಾಲ್ಕು ಸೆಂಟಿಮೀಟರ್ ಇದ್ದದ್ದು ಒಂದು ಮೂಲೆಯಲ್ಲಿ ಒಂಬತ್ತು, ಇನ್ನೊಂದು ಮೂಲೆಯಲ್ಲಿ ಬರಿಗಾಜು ಆಗಿರುವುದು ಅಪರೂಪವೇನಲ್ಲ. ಎರಡೂವರೆಯಿಂದ ಐದು ಸೆಂಟಿಮೀಟರ್ ಆಳದ ಹಾಸನ್ನು ತೆಳುಹಾಸು ಎನ್ನುತ್ತೇವೆ. ಅದನ್ನು ಸೈಫನ್ (ನೀರನ್ನು ಕೆಳಗಿನ ಬಕೆಟ್ಟಿಗೆ ಎಳೆಯುವ ಕೊಳವೆ) ಹಾಕಿ ತೊಳೆಯಬಹುದು. ಹತ್ತು ಸೆಂಟಿಮೀಟರಿಗೂ ಮಿಗಿಲಾದದ್ದು ಆಳಹಾಸು. ಅದರ ಒಳಪದರಕ್ಕೆ ಕೈ ಹಾಕುವಂತಿಲ್ಲ. ಅಲ್ಲಿ ಆಮ್ಲಜನಕವಿಲ್ಲದ ಕತ್ತಲಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟಿನಿಂದ ಆಮ್ಲಜನಕ ಕಿತ್ತುಕೊಂಡು ಸಾರಜನಕವನ್ನು ಅನಿಲವಾಗಿ ಹೊರಬಿಡುತ್ತಿರುತ್ತವೆ. ಇವೆರಡರ ನಡುವಿನ ಆಳ ನನಗೆ ಇಷ್ಟವಿಲ್ಲ. ತೊಳೆಯುವಷ್ಟು ತೆಳುವೂ ಅಲ್ಲ, ನೆಚ್ಚಿಕೊಳ್ಳುವಷ್ಟು ಆಳವೂ ಅಲ್ಲ.

ಕಂದು ಬಣ್ಣ: ಒಂದೇ ವೇಷ, ಎರಡು ಪಾತ್ರ

ಅತಿ ಹೆಚ್ಚು ಎಡವುವುದು ಇಲ್ಲಿ. ಮರಳಿನ ಮೇಲಿನ ಕಂದು ಬಣ್ಣ ಡಯಾಟಮ್ ಆಗಿರಬಹುದು, ಡೈನೊಫ್ಲಾಜಲೇಟ್ ಆಗಿರಬಹುದು. ಒಂದಕ್ಕೆ ಮಾಡುವ ಆರೈಕೆ ಇನ್ನೊಂದಕ್ಕೆ ಗೊಬ್ಬರವಾಗುತ್ತದೆ.

ಡಯಾಟಮ್ ಎಂದರೆ ಗಾಜಿನಂಥ ಸಿಲಿಕಾ ಕವಚವುಳ್ಳ ಏಕಕೋಶ ಪಾಚಿ. ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ವಾರಗಳಲ್ಲಿ ಅದು ಬರುವುದು ವಾಡಿಕೆ. ಮರಳು, ಗಾಜು, ಕಲ್ಲು ಎಲ್ಲದರ ಮೇಲೂ ಒಣ ಪುಡಿ ಉದುರಿಸಿದಂತೆ ಕೂರುತ್ತದೆ. ಪಿಚಕಾರಿಯಿಂದ ಊದಿದರೆ ಹೊಗೆಯಂತೆ ಏಳುತ್ತದೆ, ಎಳೆ ಎಳೆಯಾಗಿ ಜೋಲುವುದಿಲ್ಲ. ಬಸವನಹುಳುಗಳು ಅದನ್ನು ಖುಷಿಯಿಂದ ಮೇಯುತ್ತವೆ, ಅವು ನಡೆದ ದಾರಿ ಬೆಳ್ಳಗೆ ಗೀಟು ಎಳೆದಂತೆ ಉಳಿಯುತ್ತದೆ. ನೀರಿನಲ್ಲಿರುವ ಸಿಲಿಕೇಟ್ ತೀರಿದ ಮೇಲೆ ತಾನಾಗಿಯೇ ಹೋಗುತ್ತದೆ. ಹೊಸ ತೊಟ್ಟಿಯಾದರೆ ಏನೂ ಮಾಡಬೇಡಿ, ಕಾಯಿರಿ.

ವರ್ಷ ತುಂಬಿದ ತೊಟ್ಟಿಯಲ್ಲಿ ಡಯಾಟಮ್ ಮರಳಿ ಬಂದರೆ ಆವಿಯಾದ ನೀರಿಗೆ ಬದಲಾಗಿ ತುಂಬಿಸುವ ನೀರನ್ನು ಅನುಮಾನಿಸಿ. ಇಲ್ಲೊಂದು ಮೋಸವಿದೆ. ಆರ್‌ಓ ಘಟಕದ ಕೊನೆಯಲ್ಲಿರುವ ಅಯಾನು ವಿನಿಮಯ ರಾಳ ಮುಗಿಯುತ್ತ ಬಂದಾಗ ಮೊದಲು ನುಸುಳಿ ಬರುವ ವಸ್ತುಗಳಲ್ಲಿ ಸಿಲಿಕೇಟ್ ಒಂದು. ಅದು ವಿದ್ಯುತ್ತನ್ನು ಹೆಚ್ಚು ಹರಿಸುವುದಿಲ್ಲವಾದ್ದರಿಂದ ವಿದ್ಯುತ್ ಹರಿಯುವುದನ್ನು ನೋಡಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇನ್ನೂ ಸೊನ್ನೆಯನ್ನೇ ತೋರಿಸುತ್ತಿರುತ್ತದೆ. ಮೀಟರನ್ನು ನಂಬಿ ಕೂತವರು ತಿಂಗಳುಗಟ್ಟಲೆ ಕಂದು ಪುಡಿ ಗುಡಿಸುತ್ತಾರೆ. ರಾಳ ಬದಲಿಸಿ ಎರಡು ಮೂರು ವಾರ ನೋಡುವುದೇ ಅಗ್ಗದ ಪರೀಕ್ಷೆ.

ಡೈನೊಫ್ಲಾಜಲೇಟ್ ಬೇರೆಯೇ ಜಾತಿ. ಎರಡು ಚಾಟಿಗಳಿಂದ ಈಜುವ ಏಕಕೋಶ ಜೀವಿ. ಮೂಗಿನ ಸಿಂಬಳದಂತೆ ಎಳೆಯಾಗಿ ಜೋಲುತ್ತದೆ, ಎಳೆಯ ತುದಿಯಲ್ಲಿ ಆಮ್ಲಜನಕದ ಗುಳ್ಳೆ ಸಿಕ್ಕಿಕೊಂಡಿರುತ್ತದೆ. ಮರಳಿನಲ್ಲೇ ವಾಸಿಸುವ ಕೆಲವು ಬಗೆಗಳು ಎಳೆ ಬಿಡದೆ ಬರೀ ಕಂದು ಮಚ್ಚೆಯಾಗಿಯೂ ಕಾಣಬಹುದು. ಡಯಾಟಮ್ ಎಂದು ಮೋಸ ಹೋಗುವುದು ಆಗಲೇ. ಹೊತ್ತಿನ ಗುರುತು ಇಲ್ಲಿ ಕೈಹಿಡಿಯುತ್ತದೆ. ಮುಂಜಾನೆ ದೀಪ ಹೊತ್ತುವ ಮೊದಲು ಟಾರ್ಚ್ ಹಿಡಿದು ನೋಡಿದರೆ ಮರಳು ಬಹಳ ಮಟ್ಟಿಗೆ ಶುಭ್ರವಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಂದು ಮರಳಿ ಬರುತ್ತದೆ, ಸಂಜೆಗೆ ದಟ್ಟವಾಗುತ್ತದೆ. ಡಯಾಟಮ್‌ಗೆ ಇಂಥ ಪಾಳಿ ಇಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೀಗಿದೆ. ತೊಟ್ಟಿಯ ನೀರಿನೊಂದಿಗೆ ಒಂದಷ್ಟು ಕಂದು ಲೋಳೆಯನ್ನು ಪಿಚಕಾರಿಯಲ್ಲಿ ಎಳೆದು ಮುಚ್ಚಳವಿರುವ ಸಣ್ಣ ಬಾಟಲಿಗೆ ಹಾಕಿ, ಎಳೆಗಳೆಲ್ಲ ಒಡೆಯುವಂತೆ ಜೋರಾಗಿ ಕುಲುಕಿ. ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಇಳಿದ ನೀರನ್ನು ತೆಳುಗಾಜಿನ ಲೋಟದಲ್ಲಿ ದೀಪದ ಕೆಳಗೆ ಒಂದು ಗಂಟೆ ಇಡಿ. ಡೈನೊಫ್ಲಾಜಲೇಟ್ ಆಗಿದ್ದರೆ ಸೋಸಿ ಬಂದ ಕೋಶಗಳು ಮತ್ತೆ ಒಂದಕ್ಕೊಂದು ಅಂಟಿಕೊಂಡು ಕಂದು ಎಳೆ ಕಟ್ಟುತ್ತವೆ. ಡಯಾಟಮ್ ಆಗಿದ್ದರೆ ಹೀಗೆ ಎಳೆ ಕಟ್ಟುವುದಿಲ್ಲ. ಅನುಮಾನ ಉಳಿದರೆ ನಾನೂರು ಪಟ್ಟು ಹಿಗ್ಗಿಸುವ ಸಾಧಾರಣ ಶಾಲಾ ಸೂಕ್ಷ್ಮದರ್ಶಕ ಸಾಕು. ಡಯಾಟಮ್ ದೋಣಿಯಂತೆ, ಕಡ್ಡಿಯಂತೆ ಇರುತ್ತದೆ, ಚಲಿಸಿದರೂ ಜಾರಿದಂತೆ ಚಲಿಸುತ್ತದೆ. ಆಸ್ಟ್ರಿಯೊಪ್ಸಿಸ್ ಎಂಬ ಡೈನೊಫ್ಲಾಜಲೇಟ್ ಕಣ್ಣೀರ ಹನಿಯಾಕಾರದ್ದು, ದಾರ ಕಟ್ಟಿದ ಬುಗುರಿಯಂತೆ ಒಂದೇ ಬಿಂದುವಿನ ಸುತ್ತ ಗಿರಕಿ ಹೊಡೆಯುತ್ತದೆ. ಆಂಫಿಡಿನಿಯಂ ಮೊಟ್ಟೆಯಾಕಾರದ್ದು, ಒಂದು ತುದಿಗೆ ಕೊಕ್ಕಿನಂಥ ಮೂತಿ, ಸಲೀಸಾಗಿ ಈಜಾಡುತ್ತದೆ. ಈ ಎರಡರ ವ್ಯತ್ಯಾಸ ಬರೀ ಕುತೂಹಲದ್ದಲ್ಲ, ಮದ್ದು ಬೇರೆಯಾಗುತ್ತದೆ.

ಈಗ ಅಳತೆಯ ಕಾಗದ ತೆಗೆಯಿರಿ. ಡೈನೊಫ್ಲಾಜಲೇಟ್ ಹಾವಳಿಯ ತೊಟ್ಟಿಯಲ್ಲಿ ನೈಟ್ರೇಟ್ ಅಥವಾ ಫಾಸ್ಫೇಟ್ ಸೊನ್ನೆಗೆ ಇಳಿದಿರುವುದು ತೀರಾ ಸಾಮಾನ್ಯ. ಪೋಷಕಾಂಶ ಸಿಗದೆ ಸಾಧಾರಣ ಪಾಚಿ, ಬ್ಯಾಕ್ಟೀರಿಯಾ ಸೊರಗಿದಾಗ ಬಿಟ್ಟುಹೋದ ಜಾಗವನ್ನು ಇದು ಆಕ್ರಮಿಸುತ್ತದೆ. ಆದ್ದರಿಂದ ತೊಟ್ಟಿಯನ್ನು ಇನ್ನಷ್ಟು ಚೊಕ್ಕ ಮಾಡುವುದೆಂದರೆ ಶತ್ರುವಿಗೆ ಕೋಟೆ ಕಟ್ಟಿಕೊಟ್ಟಂತೆ. ಫಾಸ್ಫೇಟ್ ಹೀರುವ ಮಾಧ್ಯಮ ತೆಗೆದಿಡಿ, ನೀರು ಬದಲಿಸುವುದನ್ನು ಕೆಲವು ವಾರ ನಿಲ್ಲಿಸಿ, ಮೀನುಗಳಿಗೆ ಊಟ ಹೆಚ್ಚಿಸಿ. ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.1 ಮಿಲಿಗ್ರಾಂ ಆಸುಪಾಸು ನಿಲ್ಲುವವರೆಗೆ ಏರಿಸುತ್ತ ಬನ್ನಿ. ಫಾಸ್ಫೇಟ್ ನಿಲ್ಲದೆ ಮತ್ತೆ ಮತ್ತೆ ಮಾಯವಾದರೆ ಗಾಬರಿ ಬೇಡ. ಕಲ್ಲು ಮತ್ತು ಮರಳು ಮೊದಲು ತಮ್ಮ ಪಾಲು ಹೀರಿಕೊಳ್ಳುತ್ತವೆ.

ಆಸ್ಟ್ರಿಯೊಪ್ಸಿಸ್ ರಾತ್ರಿ ಮರಳು ಬಿಟ್ಟು ನೀರಿನಲ್ಲಿ ತೇಲುವುದರಿಂದ ಮುಖ್ಯ ತೊಟ್ಟಿಯ ನೀರನ್ನೇ ಎಳೆಯುವ ಅತಿನೇರಳೆ ದೀಪದ ಘಟಕ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಆಂಫಿಡಿನಿಯಂ ರಾತ್ರಿ ನೀರಿಗೆ ಬರುವುದಿಲ್ಲ, ಮರಳಿನ ಕಣಗಳ ನಡುವೆಯೇ ಇಳಿದು ಅಡಗುತ್ತದೆ. ಅದಕ್ಕೆ ಅತಿನೇರಳೆ ದೀಪ ಹಾಕುವುದು ಖಾಲಿ ಬೀದಿಗೆ ಕಾವಲು ನಿಂತಂತೆ. ಅಲ್ಲಿ ಕೆಲಸಕ್ಕೆ ಬರುವುದು ಒಂದು ತಿರುವು: ಬೇಕೆಂದೇ ಸ್ವಲ್ಪ ಸೋಡಿಯಂ ಸಿಲಿಕೇಟ್ ಹಾಕಿ ಡಯಾಟಮ್ ಬೆಳೆಸುವುದು. ಹೌದು, ಕಂದನ್ನು ಕಂದಿನಿಂದಲೇ ಓಡಿಸುವುದು. ಡಯಾಟಮ್ ಜಾಗ ಹಿಡಿದ ಮೇಲೆ ಸಿಲಿಕೇಟ್ ನಿಲ್ಲಿಸಿದರೆ ಅದೂ ಹೋಗುತ್ತದೆ. ತಿಂಗಳುಗಳ ಕೆಲಸ ಇದು, ವಾರಗಳದ್ದಲ್ಲ.

ಒಂದು ಎಚ್ಚರಿಕೆ. ಆಸ್ಟ್ರಿಯೊಪ್ಸಿಸ್ ಪಾಲಿಟಾಕ್ಸಿನ್ ಗುಂಪಿನ ವಿಷ ತಯಾರಿಸಬಲ್ಲದು. ಬಸವನಹುಳು ಸಾಯುವುದು ಅದನ್ನು ಮೇಯ್ದೇ. ಸೈಫನ್ ಕೊಳವೆಯನ್ನು ಬಾಯಿಂದ ಎಳೆದು ನೀರು ಹರಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಕೈಯಲ್ಲಿ ಗಾಯವಿದ್ದರೆ ಕೈಗವಸು ಹಾಕಿಕೊಳ್ಳಿ.

ಕೆಂಪು ಹೊದಿಕೆ

ಇದನ್ನು ಗುರುತಿಸುವುದು ಸುಲಭ. ಕಡುಗೆಂಪು ಅಥವಾ ನೇರಳೆ ಬಣ್ಣದ ಲೋಳೆ ಪದರ, ಅಂಚು ಹಿಡಿದೆತ್ತಿದರೆ ಹಾಲಿನ ಕೆನೆಯಂತೆ ಹಾಳೆಯಾಗಿಯೇ ಏಳುತ್ತದೆ, ಕೆಳಗೆ ಗುಳ್ಳೆಗಳು. ಇದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಬಹುಮಟ್ಟಿಗೆ ಹರಿವು ಸತ್ತ ಕಡೆ, ಕಸ ಕೂರುವ ಕಡೆ ಹಬ್ಬುತ್ತದೆ. ಪದರ ಎಲ್ಲಿದೆಯೆಂದು ಒಂದು ನಕ್ಷೆ ಬರೆದು ನೋಡಿ. ನಿಮ್ಮ ತೊಟ್ಟಿಯಲ್ಲಿ ನೀರು ಎಲ್ಲಿ ನಿಂತಿದೆ ಎಂಬುದರ ನಕ್ಷೆಯೇ ಅದಾಗಿರುತ್ತದೆ. ಎಷ್ಟೋ ತೊಟ್ಟಿಗಳಲ್ಲಿ ಪಂಪನ್ನು ಒಂದು ಗೇಣು ಸರಿಸಿ ಮುಖ ತಿರುಗಿಸಿದ್ದೇ ಪೂರ್ತಿ ಚಿಕಿತ್ಸೆ.

ಕೆಲವು ಜಾತಿಗಳು ನೀರಿನಲ್ಲಿ ಕರಗಿದ ಸಾರಜನಕವನ್ನು ನೇರವಾಗಿ ಬಳಸಬಲ್ಲವಾದ್ದರಿಂದ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಮಾತ್ರ ಹೆಚ್ಚು ಎಂಬ ಓರೆ ಸ್ಥಿತಿ ಅವಕ್ಕೆ ಅನುಕೂಲ. ಮೊದಲು ತೆಳುಕೊಳವೆಯಿಂದ ಪದರವನ್ನು ಹೀರಿ ಹೊರಗೆ ಹಾಕಿ. ಅಲ್ಲೇ ಕದಡಿದರೆ ಬಿತ್ತನೆ ಮಾಡಿದಂತೆ. ಹರಿವು ಸರಿಪಡಿಸಿ. ಎರಡು ವಾರದಲ್ಲಿ ಹತೋಟಿಗೆ ಬರದಿದ್ದರೆ ಮೂರು ದಿನ ದೀಪ ಆರಿಸಿ ತೊಟ್ಟಿಯನ್ನು ಕತ್ತಲಲ್ಲಿಡಿ. ಎರಿಥ್ರೊಮೈಸಿನ್ ಆಧಾರಿತ ಮದ್ದುಗಳು ಕೆಲಸ ಮಾಡುತ್ತವೆ, ಆದರೆ ನನ್ನ ಪಟ್ಟಿಯಲ್ಲಿ ಅವು ಕೊನೆಯವು. ಸತ್ತ ಪದರ ಕೊಳೆಯುವಾಗ ಆಮ್ಲಜನಕ ಕುಸಿಯುತ್ತದೆ. ಮದ್ದು ಹಾಕುವುದೇ ಆದರೆ ಗಾಳಿಗುಳ್ಳೆ ಬಿಡುವ ಗಾಳಿಕಲ್ಲು ಹಗಲೂ ರಾತ್ರಿ ಓಡುತ್ತಿರಲಿ.

ಒಳಗಿನ ಕಪ್ಪು, ಕೊಳೆತ ಮೊಟ್ಟೆಯ ವಾಸನೆ

ಗಾಜಿಗೆ ತಾಗಿದ ಮರಳಿನಲ್ಲಿ ಹಸಿರು, ನೇರಳೆ, ಕಂದು ಪಟ್ಟಿಗಳು ಕಾಣುವುದು ದೋಷವಲ್ಲ. ಗಾಜಿನ ಮೂಲಕ ಬೆಳಕು ಬೀಳುವ ಕಡೆ ಪಾಚಿ ಬೆಳೆಯುತ್ತದೆ, ಒಂದು ಸೆಂಟಿಮೀಟರ್ ಒಳಗೆ ಹೋದರೆ ಮರಳು ಬೆಳ್ಳಗೇ ಇರುತ್ತದೆ. ನೋಡಲು ಹಿಂಸೆಯಾದರೆ ಹೊರಗಿನಿಂದ ಕಪ್ಪು ಕಾಗದದ ಪಟ್ಟಿ ಅಂಟಿಸಿ. ಆಳಹಾಸಿನಲ್ಲಿ ಸಣ್ಣ ಗುಳ್ಳೆಗಳು ಸಿಕ್ಕಿಕೊಂಡಿರುವುದೂ ಬಹಳ ಸಲ ಸಾರಜನಕವೇ. ಹಾಸು ತನ್ನ ಕೆಲಸ ಮಾಡುತ್ತಿದೆ ಎಂದರ್ಥ.

ನಿಜವಾದ ಕಪ್ಪು ಬೇರೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಆಮ್ಲಜನಕ, ನೈಟ್ರೇಟ್ ಎರಡೂ ತೀರಿ, ಕೊಳೆಯುವ ವಸ್ತು ಮಾತ್ರ ಧಾರಾಳವಾಗಿರುವ ಕಡೆ ಕೆಲವು ಬ್ಯಾಕ್ಟೀರಿಯಾಗಳು ಸಲ್ಫೇಟಿಗೆ ಬಾಯಿ ಹಾಕುತ್ತವೆ. ಹೊರಬರುವುದು ಹೈಡ್ರೋಜನ್ ಸಲ್ಫೈಡ್. ಅದು ಕಬ್ಬಿಣದ ಅಂಶದೊಂದಿಗೆ ಸೇರಿ ಕಪ್ಪು ಐರನ್ ಸಲ್ಫೈಡ್ ಆಗುತ್ತದೆ. ಅಂದರೆ ಕಪ್ಪು ಬಣ್ಣ ಸ್ವತಃ ವಿಷವಲ್ಲ; ವಿಷದ ಒಂದು ಪಾಲು ಕಬ್ಬಿಣಕ್ಕೆ ಸಿಕ್ಕಿ ಬಂಧಿಯಾಗಿದೆ ಎಂಬ ಗುರುತು.

ತೀರ್ಪು ಕೊಡಬೇಕಾದದ್ದು ಮೂಗು. ಬೆರಳು ಗಾತ್ರದ ಕೊಳವೆಯನ್ನು ಮಚ್ಚೆಯ ನಡುವೆ ನೇರವಾಗಿ ಇಳಿಸಿ, ಮೇಲ್ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಒಂದು ಹಿಡಿ ಮರಳನ್ನು ಮೇಲೆತ್ತಿ ಲೋಟಕ್ಕೆ ಬಿಡಿ. ಕೊಳೆತ ಮೊಟ್ಟೆಯ ನಾತ ಬಂದರೆ ಸಲ್ಫೈಡ್ ಇದೆ. ವಾಸನೆಯಿಲ್ಲದೆ ಬರೀ ಬೂದು-ಕಪ್ಪಾದರೆ, ಗಾಳಿಗೆ ಬಿಟ್ಟಾಗ ಕ್ರಮೇಣ ಬಣ್ಣ ತಿಳಿಯಾದರೆ, ಅವಸರವಿಲ್ಲ.

ಕಾರಣ ಸಾಮಾನ್ಯವಾಗಿ ಮಚ್ಚೆಯ ಮೇಲೆಯೇ ಕೂತಿರುತ್ತದೆ. ಮರಳಿನ ಮೇಲೆ ನೇರವಾಗಿ ಇಟ್ಟ ಚಪ್ಪಟೆ ಕಲ್ಲು, ಹೂತುಹೋಗಿ ಸತ್ತ ಬಸವನಹುಳು, ಊಟ ಬೀಳುವ ಒಂದೇ ಮೂಲೆ. ನಾಣ್ಯದಗಲದ ಮಚ್ಚೆಯಾದರೆ ಕಲ್ಲು ಸರಿಸಿ ಬಿಟ್ಟುಬಿಡಿ. ಅಂಗೈಗಿಂತ ದೊಡ್ಡದಾಗಿ ನಾತವೂ ಇದ್ದರೆ ತೆಗೆಯಬೇಕು, ಆದರೆ ಕೆದಕಿ ಅಲ್ಲ. ನೀರು ಬದಲಿಸುವ ದಿನ ದಪ್ಪ ಕೊಳವೆಯನ್ನು ಮಚ್ಚೆಯೊಳಗೇ ಊರಿ, ಕಪ್ಪು ಮರಳು ನೀರಿನ ಸಮೇತ ನೇರ ಬಕೆಟ್ಟಿಗೆ ಬೀಳುವಂತೆ ಎಳೆಯಿರಿ. ಒಂದು ದಿನಕ್ಕೆ ಒಂದು ಮುಷ್ಟಿ ಸಾಕು. ಹೊರಬಂದ ಮರಳನ್ನು ಮರಳಿ ಹಾಕಬೇಡಿ. ಅಂದು ಸಕ್ರಿಯ ಇದ್ದಿಲು ಮತ್ತು ಸ್ಕಿಮ್ಮರ್ (ನೊರೆಯೊಡನೆ ಕೊಳೆ ತೆಗೆಯುವ ಯಂತ್ರ) ಓಡುತ್ತಿರಲಿ.

ಯಾರೋ ಕಲ್ಲು ಕಿತ್ತರು, ನಾತ ಮನೆಯೆಲ್ಲ ಹರಡಿತು, ಮೀನು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿವೆ ಎಂದಾದರೆ: ಪಂಪುಗಳನ್ನೆಲ್ಲ ಮೇಲ್ಮೈ ಕದಡುವಂತೆ ತಿರುಗಿಸಿ, ಗಾಳಿಕಲ್ಲು ಬಿಡಿ, ಕಾಲು ಭಾಗದಷ್ಟು ನೀರು ಬದಲಿಸಿ, ಕಿಟಕಿ ತೆರೆಯಿರಿ. ಪಿಎಚ್ 8ರ ಆಸುಪಾಸಿನ ಕಡಲ ನೀರಿನಲ್ಲಿ ಸಲ್ಫೈಡಿನ ಬಹುಪಾಲು ಕಡಿಮೆ ವಿಷದ ರೂಪದಲ್ಲಿರುತ್ತದೆ, ಆಮ್ಲಜನಕ ಸಿಕ್ಕರೆ ಬೇಗ ಮುರಿಯುತ್ತದೆ. ಹಾಗಾಗಿ ಮೊದಲ ಒಂದೆರಡು ಗಂಟೆ ಗಾಳಿಯಾಡಿಸುವುದೇ ಪ್ರಾಣ ಉಳಿಸುವ ಕೆಲಸ. ಪಿಎಚ್ ಇಳಿಸುವಂಥ ಯಾವುದನ್ನೂ ಆಗ ಹಾಕಬೇಡಿ.

ಕಲ್ಲಾದ ಮರಳು

ತೆಳ್ಳನೆ ಕಡ್ಡಿಯಿಂದ ಚುಚ್ಚಿದಾಗ ಮರಳು ಹಪ್ಪಳದಂತೆ ಹೆಪ್ಪುಗಟ್ಟಿರುವುದು ತಿಳಿದರೆ ಒಂದು ತುಂಡು ತೆಗೆದು ಬೆರಳುಗಳ ನಡುವೆ ಒತ್ತಿ. ಮೆತ್ತಗೆ ಪುಡಿಯಾದರೆ ಬ್ಯಾಕ್ಟೀರಿಯಾದ ಅಂಟು. ನೈಟ್ರೇಟ್ ಇಳಿಸಲೆಂದು ಸಕ್ಕರೆ, ವಿನೆಗರ್, ಆಲ್ಕೋಹಾಲ್‌ನಂಥ ಇಂಗಾಲದ ಮೂಲ ಹಾಕುವವರ ತೊಟ್ಟಿಯಲ್ಲಿ ಹೆಚ್ಚು. ಪ್ರಮಾಣ ತಗ್ಗಿಸಿದರೆ ಸರಿಹೋಗುತ್ತದೆ. ಇಟ್ಟಿಗೆಯಂತೆ ಗಟ್ಟಿಯಿದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಿಂದ ಬೇರ್ಪಟ್ಟು ಕಣಗಳ ನಡುವೆ ಗಾರೆ ಹಾಕಿದೆ. ಹವಳಕ್ಕೆಂದು ಕ್ಯಾಲ್ಸಿಯಂ, ಕ್ಷಾರದ ದ್ರಾವಣ ಎಷ್ಟು ಹಾಕಿದರೂ ಕ್ಷಾರೀಯತೆ ಏರುತ್ತಿಲ್ಲ, ಹವಳವೂ ಬೆಳೆಯುತ್ತಿಲ್ಲ ಎಂಬ ದೂರು ಇದರ ಜೊತೆಗೇ ಬರುತ್ತದೆ. ಹಾಕಿದ್ದೆಲ್ಲ ಮರಳಿಗೆ ಸಿಮೆಂಟಾಗುತ್ತಿದೆ.

ನೋಡಬೇಕಾದದ್ದು: ಕ್ಯಾಲ್ಸಿಯಂಗಾಗಿ ಹಾಕುವ ಸುಣ್ಣದ ತಿಳಿ ಎಲ್ಲಿ ಬೀಳುತ್ತಿದೆ, ಎಷ್ಟು ವೇಗವಾಗಿ? ಆ ಹೊತ್ತಿನಲ್ಲಿ ಪಿಎಚ್ 8.5 ದಾಟುತ್ತಿದೆಯೇ? ಕ್ಯಾಲ್ಸಿಯಂ ದ್ರಾವಣ ಮತ್ತು ಕ್ಷಾರ ದ್ರಾವಣ ಒಂದೇ ಜಾಗದಲ್ಲಿ ಬೆನ್ನುಬೆನ್ನಿಗೇ ಬೀಳುತ್ತಿವೆಯೇ? ಮೆಗ್ನೀಸಿಯಂ ಲೀಟರಿಗೆ 1250 ಮಿಲಿಗ್ರಾಂಗಿಂತ ಕೆಳಗಿದೆಯೇ? ಮೆಗ್ನೀಸಿಯಂ ಈ ಗಾರೆಕೆಲಸಕ್ಕೆ ಅಡ್ಡಗಾಲು ಹಾಕುವ ಅಂಶ; ಅದನ್ನು 1300ರ ಸುತ್ತ, ಕ್ಷಾರೀಯತೆಯನ್ನು 8ರಿಂದ 9 ಡಿಕೆಎಚ್ (ಕ್ಷಾರೀಯತೆ ಅಳೆಯುವ ಏಕಮಾನ) ನಡುವೆ ಇಟ್ಟು, ದ್ರಾವಣಗಳನ್ನು ಹರಿವು ಜೋರಾಗಿರುವ ಕಡೆ ಸಣ್ಣ ಕಂತುಗಳಲ್ಲಿ ಬಿಟ್ಟರೆ ಹೊಸದಾಗಿ ಕಟ್ಟುವುದು ನಿಲ್ಲುತ್ತದೆ. ಕಟ್ಟಿದ ಹೆಂಟೆಗಳನ್ನು ತೊಟ್ಟಿಯೊಳಗೇ ಕುಟ್ಟಬೇಡಿ, ಎತ್ತಿ ಹೊರಗೆಸೆಯಿರಿ. ಹೊಸ ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ರೂಪ) ಮರಳು ಸುರಿದ ವಾರದಲ್ಲಿ ಕ್ಷಾರೀಯತೆ ಇದ್ದಕ್ಕಿದ್ದಂತೆ ಕುಸಿದರೆ ಅದೂ ಇದೇ ಕಥೆ. ತಾಜಾ ಕಣದ ಮೈ ಹೊಸ ಪದರ ಕೂರಲು ಹೇಳಿ ಮಾಡಿಸಿದ ಜಾಗ.

ನೈಟ್ರೇಟ್, ಫಾಸ್ಫೇಟ್ ಇಳಿಯದೆ ಹಟ ಹಿಡಿದಾಗ

ನೀರು ಬದಲಿಸಿದ ದಿನ ಇಳಿದು, ನಾಲ್ಕು ದಿನಕ್ಕೆ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತರೆ ಎಲ್ಲೋ ಒಂದು ದಾಸ್ತಾನು ಇದೆ. ಎರಡು ಪರೀಕ್ಷೆ ಮಾಡಿ.

ಮೊದಲನೆಯದು ಪಿಚಕಾರಿ ಪರೀಕ್ಷೆ. ಮರಳಿನ ಒಂದು ಜಾಗಕ್ಕೆ ಎರಡು ಸೆಂಟಿಮೀಟರ್ ಆಳಕ್ಕೆ ಒಮ್ಮೆ ಊದಿ. ಬಿಳಿ ಧೂಳೆದ್ದು ಕೂತರೆ ಹಾಸು ಶುಚಿ. ಕಂದು ಮೋಡವೆದ್ದು ನೀರಲ್ಲೇ ತೇಲುತ್ತಿದ್ದರೆ ಅದು ವರ್ಷಗಳ ಕಸ. ಒರಟು ಮರಳಿನಲ್ಲಿ, ಅಂದರೆ ಎರಡು ಮಿಲಿಮೀಟರಿಗಿಂತ ದಪ್ಪ ಕಣದ ಹವಳದ ನುರಿಯಲ್ಲಿ, ಇದು ಖಂಡಿತ ಎನ್ನಬಹುದು. ಕಸ ಸಂದುಗಳಲ್ಲಿ ಇಳಿಯುತ್ತದೆ, ಮರಳಿ ಏಳುವುದಿಲ್ಲ.

ಎರಡನೆಯದು ಫಾಸ್ಫೇಟಿಗೆ. ಅರಗೊನೈಟ್ ತನ್ನ ಮೈಗೆ ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ, ನೀರಿನಲ್ಲಿ ಕಡಿಮೆಯಾದಾಗ ಬಿಟ್ಟುಕೊಡುತ್ತದೆ. ಎರಡು ಚಮಚ ಮರಳನ್ನು ಹೊಸದಾಗಿ ಕಲಸಿದ ಉಪ್ಪುನೀರಿನಲ್ಲಿ ಕಸವೆಲ್ಲ ಹೋಗುವಂತೆ ಜಾಲಿಸಿ, ಅಂಥದೇ ಸ್ವಚ್ಛ ಉಪ್ಪುನೀರು ಅರ್ಧ ಲೀಟರಿನಲ್ಲಿ ಒಂದು ದಿನ ಬಿಡಿ. ಮರುದಿನ ಅಳೆದಾಗ ಫಾಸ್ಫೇಟ್ ಸ್ಪಷ್ಟವಾಗಿ ಏರಿದ್ದರೆ ಮರಳೇ ಸಾಲಗಾರ, ವಸೂಲಿ ನಿಧಾನವಾಗಿಯೇ ಆಗಬೇಕು. ಹೀರುವ ಮಾಧ್ಯಮ ಸ್ವಲ್ಪ ಸ್ವಲ್ಪವೇ ಹಾಕಿ, ಖಾಲಿಯಾದಂತೆ ಬದಲಿಸಿ. ಒಂದೇ ಏಟಿಗೆ ಇಳಿಸಲು ಹೋದರೆ ಹವಳ ಬಿಳಿಚಿಕೊಳ್ಳುತ್ತದೆ, ಮೇಲೆ ಹೇಳಿದ ಡೈನೊಫ್ಲಾಜಲೇಟ್‌ಗೂ ಬಾಗಿಲು ತೆರೆಯುತ್ತದೆ.

ಕಸ ತುಂಬಿದ ತೆಳುಹಾಸನ್ನು ತೊಳೆಯುವ ಕ್ರಮ: ತಳವನ್ನು ಮನಸ್ಸಿನಲ್ಲೇ ಆರು ಭಾಗ ಮಾಡಿ, ನೀರು ಬದಲಿಸುವ ಪ್ರತಿ ಸಲ ಒಂದೇ ಭಾಗಕ್ಕೆ ಅಗಲ ಬಾಯಿಯ ಸೈಫನ್ ಹಾಕಿ. ಒಂದು ವರ್ಷಕ್ಕೂ ಮೇಲ್ಪಟ್ಟು ಮುಟ್ಟದೆ ಬಿಟ್ಟ ಹಾಸಾದರೆ ಮೊದಲ ಸಲ ಅಂಗೈಯಗಲ ಮಾತ್ರ ತೊಳೆದು ಮರುದಿನ ಅಮೋನಿಯಾ ಅಳೆಯಿರಿ. ಸೊನ್ನೆ ಇದ್ದರೆ ಮುಂದುವರಿಯಿರಿ. ಆಳಹಾಸಾದರೆ ಮೇಲಿನ ಒಂದು ಸೆಂಟಿಮೀಟರಿಗಿಂತ ಕೆಳಗೆ ಹೋಗಬೇಡಿ.

ಕದಡಿದ ನೀರು, ಹಳ್ಳ ದಿಣ್ಣೆ

ಹೊಸ ಮರಳಿನ ಧೂಳು ಒಂದೆರಡು ದಿನದಲ್ಲಿ ಕೂರುತ್ತದೆ. ಮೂರು ದಿನ ಕಳೆದರೂ ಹಾಲಿನಂತಿದ್ದರೆ ಬ್ಯಾಕ್ಟೀರಿಯಾ ಹೆಚ್ಚಿರಬಹುದು. ಗಾಳಿಯಾಡಿಸಿ, ಊಟ ಕಡಿಮೆ ಮಾಡಿ. ಮರಳು ಒಂದೇ ಕಡೆ ಗುಡ್ಡೆಯಾಗುತ್ತಿದ್ದರೆ ಕೈಯಿಂದ ಸಮ ಮಾಡುವ ಮೊದಲು ಪಂಪಿನ ಮುಖ ಮೇಲಕ್ಕೆತ್ತಿ. ಅದರಿಂದಲೂ ಆಗದಿದ್ದರೆ ಸಕ್ಕರೆಯಂಥ ನುಣ್ಣನೆ ಮರಳು ನಿಮ್ಮ ಹರಿವಿಗೆ ಹೊಂದುವುದಿಲ್ಲ. ಒಂದರಿಂದ ಎರಡು ಮಿಲಿಮೀಟರ್ ಕಣ ನಿಲ್ಲುತ್ತದೆ.

ಬಾಡಿಗೆ ಪೊರಕೆಗಳು

ಮರಳು ಕೊಳೆಯಾದಾಗ 'ಮರಳು ಶುಚಿ ಮಾಡುವ' ಜೀವಿ ತಂದು ಬಿಡುವುದು ಸುಲಭದ ದಾರಿಯಂತೆ ಕಾಣುತ್ತದೆ. ಇದರಿಂದಲೇ ಹುಟ್ಟುವ ದೋಷಗಳೂ ಇವೆ. ಮರಳು ಜಾಲಿಸುವ ನಕ್ಷತ್ರಮೀನು ಕೊಳೆ ತಿನ್ನುವುದಿಲ್ಲ. ಹಾಸಿನಲ್ಲಿರುವ ಹುಳು ಹುಪ್ಪಟೆ ಸಣ್ಣ ಚಿಪ್ಪುಜೀವಿಗಳನ್ನು, ಅಂದರೆ ನಿಜವಾಗಿ ಶುಚಿ ಮಾಡುತ್ತಿದ್ದವರನ್ನೇ, ತಿಂದು ಮುಗಿಸಿ ಆಮೇಲೆ ಹಸಿವಿನಿಂದ ಸಾಯುತ್ತದೆ. ಅದನ್ನು ಬಿಟ್ಟ ಆರು ತಿಂಗಳಿಗೆ ಹಾಸು ನಿರ್ಜೀವವಾಯಿತು ಎಂದು ಹೇಳುವವರಿಗೆ ಬೇರೆ ತಪಾಸಣೆ ಬೇಕಿಲ್ಲ. ಮರಳು ಜಾಲಿಸುವ ಗೋಬಿ ಮೀನು ಮೇಲ್ಪದರವನ್ನು ಫಳಫಳ ಎನ್ನಿಸುತ್ತದೆ, ಆದರೆ ಬಾಯ್ತುಂಬ ಮರಳನ್ನು ಹವಳದ ಮೇಲೆ ಉಗುಳುತ್ತ ಹೋಗುತ್ತದೆ. ಕಡಲ ಸೌತೆ ಒಳ್ಳೆಯ ಕೆಲಸಗಾರ. ಪಂಪಿಗೆ ಸಿಕ್ಕಿ ಸತ್ತರೆ ಮಾತ್ರ ಮೀನುಗಳಿಗೆ ಮಾರಕವಾದ ವಿಷ ಬಿಡಬಹುದು, ಪಂಪಿನ ಬಾಯಿಗೆ ಜಾಲರಿ ಇಲ್ಲದೆ ತರಬೇಡಿ. ನನ್ನ ಆಯ್ಕೆ ನಸ್ಸೇರಿಯಸ್ ಮತ್ತು ಸೆರಿತ್ ಬಸವನಹುಳು. ಮುಳ್ಳುಕೂದಲಿನ ಬ್ರಿಸಲ್ ಹುಳು ಕಂಡು ಹೌಹಾರಬೇಡಿ. ಅದು ಹೆಚ್ಚಿದ್ದರೆ ನೀವು ಹಾಕುವ ಊಟ ಹೆಚ್ಚಾಗಿದೆ, ಅಷ್ಟೇ.

ಬಿಲ ತೋಡುವ ಗೋಬಿ, ಪಿಸ್ತೂಲ್ ಸೀಗಡಿ ಇರುವ ತೊಟ್ಟಿಯಲ್ಲಿ ಕಲ್ಲುಗಳು ವಾಲುತ್ತಿವೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಕಲ್ಲನ್ನು ಮೊದಲು ತಳದ ಗಾಜಿಗೆ ಕೂರಿಸಿ ಆಮೇಲೆ ಸುತ್ತ ಮರಳು ತುಂಬಬೇಕಿತ್ತು. ಮರಳಿನ ಮೇಲೆ ಕಟ್ಟಿದ್ದರೆ ಒಂದು ದಿನ ಗುಡ್ಡ ಜಾರುತ್ತದೆ.

ಹಾಸನ್ನೇ ತೆಗೆಯಬೇಕಾದಾಗ

ಪಿಚಕಾರಿ ಊದಿದ ಕಡೆಯೆಲ್ಲ ಕಂದು ಮೋಡ, ತೆಗೆದ ಕೊಳವೆಯಲ್ಲೆಲ್ಲ ನಾತ, ಆರು ತಿಂಗಳ ತೊಳೆತಕ್ಕೂ ಜಗ್ಗದ ನೈಟ್ರೇಟ್ ಈ ಮೂರೂ ಕೂಡಿದರೆ ಹಾಸು ಬದಲಿಸುವುದೇ ಲೇಸು. ತೊಟ್ಟಿಯನ್ನು ಬೇರೆಡೆಗೆ ಸಾಗಿಸುವಾಗಲೂ ಹಳೆಯ ಮರಳನ್ನು ಕದಡಿದ ಸ್ಥಿತಿಯಲ್ಲೇ ಮರಳಿ ಹಾಕಬೇಡಿ. ಅಮೋನಿಯಾ ಏರಿ ಮರುದಿನವೇ ಮೀನು ಸಾಯುವುದನ್ನು ನೋಡಬೇಕಾಗುತ್ತದೆ.

ನಡೆಯುತ್ತಿರುವ ತೊಟ್ಟಿಯಲ್ಲಿ ಒಂದೇ ದಿನ ಎಲ್ಲ ತೆಗೆಯುವುದು ಅಪಾಯ. ಒಂದು ಬದಿಯಿಂದ ಶುರು ಮಾಡಿ, ವಾರಕ್ಕೆ ಒಂದು ಪಟ್ಟಿಯಂತೆ, ದಪ್ಪ ಕೊಳವೆಯಿಂದ ಗಾಜು ಕಾಣುವವರೆಗೆ ಎಳೆಯಿರಿ. ಪ್ರತಿ ಸಲವೂ ಮರುದಿನ ಅಮೋನಿಯಾ, ಮೂರನೆಯ ದಿನ ನೈಟ್ರೇಟ್ ಬರೆದಿಡಿ. ಅಮೋನಿಯಾ ಕಂಡ ವಾರ ಮುಂದಿನ ಪಟ್ಟಿಯನ್ನು ಮುಂದೂಡಿ. ಮರಳಿನಲ್ಲಿ ಹುದುಗಿ ಮಲಗುವ ರಾಸ್ ಮೀನು ಇದ್ದರೆ ಐದು ಸೆಂಟಿಮೀಟರ್ ಮರಳು ತುಂಬಿದ ಅಗಲ ಬಟ್ಟಲೊಂದನ್ನು ಮೂಲೆಯಲ್ಲಿಡಿ, ಅದಕ್ಕೆ ರಾತ್ರಿಗೆ ಹಾಸಿಗೆಯಾಗುತ್ತದೆ. ಹೊಸ ಮರಳನ್ನು ತೊಳೆದ ನೀರು ತಿಳಿಯಾಗುವವರೆಗೆ ತೊಳೆದು, ಅಗಲ ಕೊಳವೆಯ ಮೂಲಕ ತಳಕ್ಕೇ ಇಳಿಸಿ. ಮೇಲಿನಿಂದ ಸುರಿದರೆ ಹವಳದ ಮೇಲೆಲ್ಲ ಕೂರುತ್ತದೆ. ಮೊದಲು ಖಾಲಿ ಮಾಡಿದ ಪಟ್ಟಿಗೆ ಹೊಸ ಮರಳು ಬೀಳುವುದು ಕೊನೆಯ ಪಟ್ಟಿ ತೆಗೆದು, ಎರಡು ವಾರ ಅಮೋನಿಯಾ ಸೊನ್ನೆಯಲ್ಲೇ ನಿಂತ ಮೇಲೆ.